ಚೆಂಡಿಗಿಂತ ಮೊದಲು

"ಚೆಂಡು ಇನ್ನೂ ಬಂದಿಲ್ಲ ಹುಡುಗಿ. ಈಗಷ್ಟ ಕರ್ವೆ ರೋಡ್ ದಾಟ್ಲಿಕತ್ತದ," ಎಂದರು ಸದಾನಂದ ಸರ್.

ಶೈಲಾಳ ಬ್ಯಾಟು ಆಗಲೇ ಪೂರ್ತಿ ಸುತ್ತಿ ಬಂದು ಅವಳ ಎಡಭುಜದ ಹಿಂದೆ ನಿಂತಿತ್ತು. ಚೆಂಡು ಆಮೇಲೆ, ಯಾವ ಅವಸರವೂ ಇಲ್ಲದ ನೆಂಟನ ಹಾಗೆ ಬಂದು, ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ ಹುಡುಗಿಯ ಗವಸಿನೊಳಗೆ ಬಿತ್ತು. ಚೆಂಡೆಸೆದ ಸಪ್ನಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು.

"ಏನ ಶೈಲಾ, ಬ್ಯಾಸಿಗಿ ಅಂತ ಗಾಳಿ ಹಾಕ್ಲಿಕತ್ತೀ ಏನು ನನಗ?"

"ಚಳಿಗಾಲ ಇದು. ಸುಮ್ನ ಒಗಿ ನೀ," ಎಂದಳು ಶೈಲಾ.

ತೊಂಬತ್ತೆಂಟರ ಡಿಸೆಂಬರ್ ಅದು. ಕೋಥರೂಡದ ಗಲ್ಲಿ ಗಲ್ಲಿಯಲ್ಲಿ ಹುಡುಗರು ಕ್ರಿಕೆಟ್ ಆಡಿ ಕಿಟಕಿ ಒಡೆಯುತ್ತಿದ್ದಾಗ, ಈ ಮೈದಾನದ ಒಂದು ಮೂಲೆಯಲ್ಲಿ ಹುಡುಗಿಯರು ಬೇಸ್‌ಬಾಲ್ ಆಡುತ್ತಿದ್ದರು. ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಬ್ಯಾಟು ಒನಕೆಯ ಹಾಗೆ ದುಂಡಗೆ, ಚೆಂಡು ನೆಲಕ್ಕೆ ಬೀಳದೆ ನೇರ ಎದೆಮಟ್ಟ ಬರುತ್ತದೆ, ಮೂರು ಸಲ ಬೀಸಿ ತಪ್ಪಿದರೆ ಆಟ ಮುಗಿಯಿತು, ಮನೆಗೆ ಹೋಗಬಹುದು. ಆಟ ತಿಳಿಯದವರಿಗೂ ಶೈಲಾ ಬ್ಯಾಟು ಬೀಸುವುದು ನೋಡಲು ಚೆನ್ನಾಗಿತ್ತು. ಅವಳ ಬ್ಯಾಟು ಹೋಗುವಾಗ ಗಾಳಿ ಸೀಳಿದ ಸದ್ದು ರಸ್ತೆಯ ತನಕ ಕೇಳುತ್ತಿತ್ತು. ತಂಡದಲ್ಲಿ ಅಷ್ಟು ವೇಗದ ಕೈ ಇನ್ನೊಂದಿರಲಿಲ್ಲ. ಆದರೆ ಚೆಂಡಿಗೆ ಮಾತ್ರ ಅದು ತಗಲುತ್ತಿರಲಿಲ್ಲ. ಹಿಂದಿನ ಎರಡು ವರ್ಷ ಜಿಲ್ಲಾ ತಂಡಕ್ಕೆ ಆಯ್ಕೆ ನಡೆದಾಗಲೂ ಶೈಲಾ ಮೂರು ಸಲ ಗಾಳಿ ಸೀಳಿ ಮನೆಗೆ ಬಂದಿದ್ದಳು.

ಸದಾನಂದ ಸರ್ ಧಾರವಾಡದ ಕಡೆಯವರು. ಮಿಲಿಟರಿಯಲ್ಲಿ ಈ ಆಟ ಕಲಿತು, ಪಿಂಚಣಿ ಬಂದಮೇಲೆ ಪುಣೆಯಲ್ಲೇ ಉಳಿದಿದ್ದರು. ಶೈಲಾ, ಸಪ್ನಾರಂಥ ಕನ್ನಡ ಮಾತಾಡುವ ಹುಡುಗಿಯರು ಸಿಕ್ಕರೆಂದು ಅವರಿಗೆ ಸಂತೋಷ. ಬೈಯುವುದನ್ನು ಕನ್ನಡದಲ್ಲೇ ಬೈಯಬಹುದಲ್ಲ.

"ಇಲ್ಲಿ ಕೇಳು," ಎಂದು ಅವಳ ಕೈಯಿಂದ ಬ್ಯಾಟು ತೆಗೆದುಕೊಂಡರು. "ಜೋರ್ ಹೊಡೀಬೇಕಂತ ನೀ ಬ್ಯಾಟು ಹಿಂದಕ್ಕ ಇಷ್ಟುದ್ದ ಒಯ್ತೀ. ಇಷ್ಟುದ್ದ ಹೋದದ್ದು ತಿರುಗಿ ಬರಲಿಕ್ಕೆ ವ್ಯಾಳ್ಯಾ ಬೇಕು. ಅದಕ್ಕ ಚೆಂಡು ಸಪ್ನಾನ ಕೈಯಾಗ ಇದ್ದಾಗನ ನೀ ಹೊರಡ್ತೀ. ಎಲ್ಲಿ ಬರ್ತದ ಅಂತ ನೋಡೂದ ಇಲ್ಲ, ಬರೇ ಅಂದಾಜು."

"ತಡ ಆದ್ರ ಸರ್?"

"ನಿನ್ನ ಕೈಗೆ ಎಲ್ಲಿ ತಡ ಆಗ್ತದ? ಕೈ ನಿಧಾನ ಇದ್ದವರು ಮೊದಲ ಹೊರಡಬೇಕು, ಅವರಿಗೆ ಗತಿಯಿಲ್ಲ. ನಿನ್ನಂಥಾ ಕೈ ಇದ್ದವರು ಚೆಂಡು ಮೂಗಿನ ಹತ್ರ ಬರೂತನಕ ನಿಂತು ನೋಡಬಹುದು. ಮನ್ಯಾಗ ಮೋಟಾರ್ ಇಟಗೊಂಡು, ನಡಕೋತ ಹೋಗಾವ್ರ ಹಂಗ ನಸಿಕಿನ್ಯಾಗ ಎದ್ದು ಹೊಂಟೀಯಲ್ಲ!"

ಶೈಲಾ ತಲೆಯಾಡಿಸಿದಳು. ತಿಳಿದಿತ್ತು. ತಿಳಿಯದೆ ಇದ್ದದ್ದು ತಲೆಗಲ್ಲ, ಕೈಗೆ.

ಸರ್ ಒಂದು ಉಪಾಯ ಮಾಡಿ ಭಾರದ ಬ್ಯಾಟು ಕೊಟ್ಟರು. ಆಗ ಚೆಂಡು ಗವಸಿಗೆ ಹೋದಮೇಲೆ ಬ್ಯಾಟು ಬಂತು. ಇನ್ನೊಂದು ಉಪಾಯ ಮಾಡಿ, ಬ್ಯಾಟನ್ನು ಹಿಂದಕ್ಕೆ ಒಯ್ಯಲೇಬೇಡ, ಇದ್ದಲ್ಲಿಂದಲೇ ಮೆಲ್ಲಗೆ ಮುಟ್ಟಿಸು ಎಂದರು. ಆಗ ತಗಲಿತು. ತಗಲಿದ ಚೆಂಡು ಮುದುಕಿಯ ಹಾಗೆ ನಾಲ್ಕು ಹೆಜ್ಜೆ ನಡೆದು ಸಪ್ನಾಳ ಕಾಲ ಬಳಿ ಕೂತಿತು. ಅದನ್ನೆತ್ತಿಕೊಂಡು ಸಪ್ನಾ, "ಹಾಲಿನ ಪಾಕೀಟು ಮನೀ ಬಾಗಲಿಗೆ ತಂದು ಕೊಟ್ಟಂಗಾತು ನೋಡು," ಎಂದಳು.

"ಜೋರ್ ಬೇಕಂದ್ರ ಬರೋದಿಲ್ಲ, ಬರಬೇಕಂದ್ರ ಜೋರ್ ಇಲ್ಲ," ಎಂದು ಸರ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಐತವಾರ ಸೆಲೆಕ್ಷನ್. ಖಂಡೋಬಾಗ ಬೇಡ್ಕೋ."

ಬೇಡಿಕೊಳ್ಳುವುದು ಹೇಗೂ ಇತ್ತು. ಆ ಐತವಾರ ಮಧ್ಯಾಹ್ನವೇ ಶೈಲಾಳ ಮನೆಯವರು ಖಂಡೋಬನ ದರ್ಶನಕ್ಕೆ ಜೇಜುರಿಗೆ ಹೊರಡುವವರಿದ್ದರು.

ಈ ಅವಸರ ಶೈಲಾಳಿಗೆ ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅವಳ ತಂದೆ ನಿಜಲಿಂಗಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ ಅಂಗಡಿಯ ಗುಮಾಸ್ತರು. ಅಂಗಡಿಯ ಬೀಗದಕೈ ಮಾಲೀಕರ ಬಳಿ ಇರದೆ ಅವರ ಬಳಿಯೇ ಇತ್ತು. ಬೇರೆಯವರ ಬಳಿ ಇದ್ದರೆ ಅವರು ಬರುವ ತನಕ ನಿಜಲಿಂಗಪ್ಪ ಬೀದಿಯಲ್ಲಿ ಅಡ್ಡಾಡುತ್ತಿದ್ದರು, ಅದನ್ನು ನೋಡಲಾಗದೆ ಮಾಲೀಕರೇ ಕೊಟ್ಟುಬಿಟ್ಟಿದ್ದರು. ಮನೆಯ ಗಡಿಯಾರ ಇಪ್ಪತ್ತು ನಿಮಿಷ ಮುಂದೆ, ಕೈಗಡಿಯಾರ ಅದಕ್ಕಿಂತ ಒಂದಿಷ್ಟು ಮುಂದೆ. ಮದುವೆಮನೆಗಳಲ್ಲಿ ಅಡುಗೆಯವರು, "ನಿಜಲಿಂಗಪ್ಪ ಬಂದ್ರೇನು? ಹಂಗಾರ ಇನ್ನೂ ಒಲಿ ಹಚ್ಚಲಿಕ್ಕೆ ವ್ಯಾಳ್ಯಾ ಅದ," ಎನ್ನುತ್ತಿದ್ದರು.

ಹುಟ್ಟಿನಿಂದ ಅವರು ಹಾಗಿರಲಿಲ್ಲ. ಅವರ ಮದುವೆ ಸೋಲಾಪುರದಾಚೆಯ ಇಂಡಿ ಊರಿನಲ್ಲಿ. ಹಿಂದಿನ ದಿನ ಅಂಗಡಿಗೆ ಬೆಲ್ಲದ ಲಾರಿ ಬಂದು, ಅದನ್ನು ಇಳಿಸಿಕೊಂಡು ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಓಡಿದಾಗ ಸೋಲಾಪುರದ ಬಸ್ಸಿನ ಬೆನ್ನು ಕಂಡಿತ್ತು. ಉಳ್ಳಾಗಡ್ಡಿ ಟ್ರಕ್ಕು ಹಿಡಿದು ಮದುಮಗ ಊರು ಮುಟ್ಟುವಷ್ಟರಲ್ಲಿ ಮುಹೂರ್ತ ಬಂದು ನಿಂತಿತ್ತು. ಹಸೆಮಣೆ ಖಾಲಿ ಬಿಡಬಾರದೆಂದು ಹಿರಿಯರು ಅವರ ಕಾಕಾನ ಮಗ ಸಿದ್ದಲಿಂಗಪ್ಪನ ತಲೆಗೆ ಬಾಸಿಂಗ ಕಟ್ಟಿ, ಜಾಗ ಹಿಡಿದಿರಲಿ ಎಂದು ಕೂರಿಸಿಬಿಟ್ಟಿದ್ದರು. ಅಕ್ಕಿಕಾಳು ಎಲ್ಲರ ಕೈಗೆ ಹಂಚಿಯೂ ಆಗಿತ್ತು. ಆಗ ಟ್ರಕ್ಕಿನಿಂದ ಜಿಗಿದು ಬಂದರು ನಿಜಲಿಂಗಪ್ಪ.

"ಇನ್ನೊಂದು ಚಣ ತಡಾ ಮಾಡಿದ್ದಿ ಅಂದ್ರ ಚನ್ನಬಸವ್ವ ನನ್ನ ಹೇಣ್ತಿ," ಎಂದು ಸಿದ್ದಲಿಂಗಪ್ಪ ಈಗಲೂ ಬಂದಾಗಲೆಲ್ಲ ಹೇಳುತ್ತಾನೆ. ಚನ್ನಬಸವ್ವ ಒಲೆಯ ಮುಂದಿನಿಂದಲೇ, "ಆತ ಸ್ನಾನ ಮಾಡಿ ಕೂತಿದ್ದ. ಇವ್ರು ಬಂದಮ್ಯಾಲ ಪೂರಾ ಮಂಟಪೆಲ್ಲ ಉಳ್ಳಾಗಡ್ಡಿ ವಾಸನಿ," ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಿಜಲಿಂಗಪ್ಪ ನಗುವುದಿಲ್ಲ.

ಅಂದಿನಿಂದ ಅವರು ಯಾವ ಬಸ್ಸನ್ನೂ ತಪ್ಪಿಸಿಕೊಂಡವರಲ್ಲ. ತಪ್ಪಿಸಿಕೊಳ್ಳದಿದ್ದರೆ ಸಾಲದು, ಸೀಟೂ ಸಿಗಬೇಕು. ಸ್ವಾರಗೇಟಿನಲ್ಲಿ ಬಸ್ಸು ಒಳಗೆ ಬಂದು ನಿಲ್ಲುವ ಮೊದಲೇ ಅದರ ಜೊತೆ ಓಡುತ್ತ ಕಿಟಕಿಯೊಳಗೆ ಟವೆಲ್ಲು ಎಸೆಯುವವರ ಗುಂಪಿನಲ್ಲಿ ಅವರೇ ಮೊದಲಿಗರು. ಮೊದಲಿಗರು ಎಂದರೆ, ಅತಿ ಮೊದಲಿಗರು. ಒಮ್ಮೆ ಅವರ ಟವೆಲ್ಲು ಬಸ್ಸು ಬರುವ ಮೊದಲೇ ಹಾರಿ ಗಾಲಿಯ ಕೆಳಗೆ ಬಿತ್ತು. ಇನ್ನೊಮ್ಮೆ ಫಲಕ ಓದಲೂ ಪುರುಸೊತ್ತಿಲ್ಲದೆ ಎಸೆದದ್ದು ಕೊಲ್ಲಾಪುರಕ್ಕೆ ಹೋಯಿತು. ಟವೆಲ್ಲಿನ ಮೇಲೆ ಭರವಸೆ ಹೋದಮೇಲೆ ಶೈಲಾಳನ್ನು ಎಸೆಯತೊಡಗಿದರು. ಐದಾರು ವರ್ಷದ ಹುಡುಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಿಟಕಿ ಬಳಿ ಬಂದೊಡನೆ "ಹಾಂ!" ಎನ್ನುತ್ತಿದ್ದರು. "ಹಾಂ" ಅಂದಕೂಡಲೆ ಮಗು ಮೀನಿನ ಹಾಗೆ ಒಳಗೆ ಜಾರಿ, ಮೂರು ಸೀಟಿನ ಮೇಲೆ ಉದ್ದಕ್ಕೆ ಮಲಗಿ, ಯಾರು ಬಂದರೂ ಒದೆಯುತ್ತಿತ್ತು.

ಆಮೇಲೆ ಮನೆಯಲ್ಲೂ ಅದೇ ಆಯಿತು. ಹಾಂ, ಏಳು. ಹಾಂ, ಊಟಾ ಮುಗಸು. ಹಾಂ, ಚಪ್ಪಲಿ ಹಾಕ್ಕೋ. ದೊಡ್ಡವಳಾದ ಮೇಲೂ ಅವಳ ಕಿವಿಯಲ್ಲಿ ಎಲ್ಲೋ ಒಂದು ಕಡೆ ಆ ಶಬ್ದ ಸದಾ ಕೂತಿರುತ್ತಿತ್ತು. ಸಪ್ನಾ ಚೆಂಡು ಎತ್ತಿದರೆ ಸಾಕು, ಅದು ಎದ್ದು ನಿಲ್ಲುತ್ತಿತ್ತು.

ಶನಿವಾರ ಸಂಜೆ ನಿಜಲಿಂಗಪ್ಪ ಚೀಲದ ಬಾಯಿ ಹೊಲಿಯುತ್ತ ಮಗಳಿಗೆ ಹೇಳಿದರು.

"ನಾಳೆ ಆರಿಸಿಕೊಂಡ್ರೂ ಸೈ. ಇಲ್ಲಂದ್ರ ಬ್ಯಾಟು ಅಟ್ಟದ ಮ್ಯಾಲ. ಸೋಮವಾರದಿಂದ ಸಂಜೀಕ ಟ್ಯೂಶನ್. ಮೂರ್ ವರ್ಷ ಆತು, ಒಂದು ಚೆಂಡು ಹೊಡದದ್ದು ನೋಡಲಿಲ್ಲ."

"ಹೊಡೀತೀನ್ರಿ ಪಪ್ಪಾ."

"ನೋಡೇ ಬಿಡ್ತೀನಿ. ನಾನೂ ಬರ್ತೀನಿ ನಾಳೆ. ಅಲ್ಲಿಂದ ಸೀದಾ ಸ್ವಾರಗೇಟ. ಹನ್ನೆರಡರ ಬಸ್ಸು."

"ಜೇಜುರಿಗೆ ಅರ್ಧ ತಾಸಿಗೊಂದು ಬಸ್ಸು ಅದರೀ," ಎಂದರು ಚನ್ನಬಸವ್ವ ಅಡುಗೆಮನೆಯಿಂದ.

"ಅದು ಹೋಗಿಬಿಟ್ರ ಅರ್ಧ ತಾಸು ಹೋತಲ್ಲ!" ಎಂದು ನಿಜಲಿಂಗಪ್ಪ ಎದ್ದರು. "ಇಲ್ಲಿ ಬಾ, ಈ ಚೀಲ ಇಷ್ಟ ಹಿಡಿ. ಹಾಂ, ಲಗೂ!"

"ಪಾಕ ಒಲೀ ಮ್ಯಾಲ ಅದ."

"ಪಾಕ ಎಲ್ಲಿ ಓಡಿ ಹೋಗ್ತದ? ಬಾ!"

ಚನ್ನಬಸವ್ವ ದಾರಿಯ ಬುತ್ತಿಗೆ ಅಂಟಿನುಂಡಿ ಕಟ್ಟುತ್ತಿದ್ದರು. ಚೀಲ ಹಿಡಿದು ಒಳಗೆ ಹೋಗುವಷ್ಟರಲ್ಲಿ ಬೆಲ್ಲದ ಪಾಕ ಏರಿಬಿಟ್ಟಿತ್ತು. ಉಂಡಿ ಕಟ್ಟಿದ್ದೇನೋ ಆಯಿತು, ಆದರೆ ಒಂದನ್ನು ಬಾಯಿಗೆ ಹಾಕಿ ನೋಡಿದ ಶೈಲಾಗೆ ಬಹಳ ಹೊತ್ತು ಬಾಯಿ ತೆರೆಯಲಾಗಲಿಲ್ಲ. ಚನ್ನಬಸವ್ವ ಅವನ್ನೇ ಡಬ್ಬಿಗೆ ತುಂಬಿದರು.

ಮರುದಿನ ಮೈದಾನಕ್ಕೆ ಮೂವರೂ ಬಂದಾಗ ಗೇಟಿಗೆ ಬೀಗವಿತ್ತು. ಒಳಗೆ ಹಲ್ಲುಜ್ಜುತ್ತಿದ್ದ ವಾಚ್‌ಮನ್ನು ಬಾಯಿತುಂಬ ನೊರೆ ಇಟ್ಟುಕೊಂಡೇ, ರಾತ್ರಿ ಇಲ್ಲೇ ಮಲಗಿದ್ದಿರಾ ಎಂದು ಮರಾಠಿಯಲ್ಲಿ ಕೇಳಿದ. ನಿಜಲಿಂಗಪ್ಪ ಹೆಮ್ಮೆಯಿಂದ, ನಾವೇ ಮೊದಲು ಬಂದವರೇ ಎಂದು ತಿರುಗಿ ಕೇಳಿದರು. ನಿಮಗಿಂತ ಮೊದಲು ನಾಯಿಯೊಂದು ಬಂದಿದೆ ಎಂದು ಅವನು ಹೇಳಿದ.

ಸೆಲೆಕ್ಷನ್ ಎಂದರೆ ಎರಡು ತಂಡ ಮಾಡಿ ಒಂದು ಆಟ ಆಡಿಸುವುದು. ಕುರ್ಚಿಯ ಮೇಲೆ ಕರಿ ಕನ್ನಡಕದ ಒಬ್ಬ ಮೇಡಮ್ ಕೂತಿದ್ದರು, ಆರಿಸುವವರು ಅವರೇ. ಸಪ್ನಾ ಎದುರು ತಂಡದಲ್ಲಿ ಚೆಂಡು ಎಸೆಯುತ್ತಿದ್ದಳು. ಶೈಲಾಳ ಸರದಿ ಬಂದಾಗ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ನಿಜಲಿಂಗಪ್ಪನ ಕೈಗಡಿಯಾರದಲ್ಲಂತೂ ಹನ್ನೆರಡರ ಬಸ್ಸು ಹೊರಡಲು ತಯಾರಾಗಿತ್ತು. ಅವರು ಹೆಗಲಿಗೆ ಟವೆಲ್ಲು, ಎರಡೂ ಕೈಗೆ ಚೀಲ ಹಿಡಿದು ಬೇಲಿಯ ಜಾಳಿಗೆಗೆ ಮೂಗು ಹಚ್ಚಿ ನಿಂತಿದ್ದರು.

ಸಪ್ನಾ ಕೈ ಎತ್ತಿದಳು.

"ಹಾಂ!" ಎಂದು ಗುಡುಗಿದರು ನಿಜಲಿಂಗಪ್ಪ.

ಬ್ಯಾಟು ಬೀಸಿತು. ಗಾಳಿ ಸೀಳಿತು. ಚೆಂಡು ಆಮೇಲೆ ಬಂತು.

ಇನ್ನೊಂದು ಸಲ ಸಪ್ನಾ ಕೈ ಎತ್ತಿದಳು, ಇನ್ನೊಂದು ಸಲ "ಹಾಂ!" ಎಂದಾಯಿತು. ಈ ಸಲ ಬ್ಯಾಟು ಎಷ್ಟು ಮೊದಲು ಹೋಯಿತೆಂದರೆ, ಬೀಸಿದ ಜೋರಿಗೆ ಶೈಲಾ ತಾನೇ ಒಂದು ಗಿರಕಿ ತಿರುಗಿ, ಚೆಂಡು ಬರುವಾಗ ಅದಕ್ಕೆ ಬೆನ್ನು ಮಾಡಿ ನಿಂತಿದ್ದಳು. ಕರಿ ಕನ್ನಡಕದ ಮೇಡಮ್ ನೀರು ಕುಡಿಯಲು ಆ ಕಡೆ ತಿರುಗಿದರು. ಸದಾನಂದ ಸರ್ ಉದ್ದುದ್ದ ಹೆಜ್ಜೆ ಹಾಕುತ್ತ ಬೇಲಿಯ ಬಳಿ ಬಂದರು.

"ಯಜಮಾನ್ರ, ತಾವು ಯಾರು?"

"ನಾ ಆಕಿ ತಂದಿರೀ. ನಿಜಲಿಂಗಪ್ಪ ಅಂತ."

"ಹಂಗಾರ ಈ ರೋಗ ಮನ್ಯಾಗಿಂದ ಬಂದದ," ಎಂದರು ಸರ್. "ನೀವು ಹಾಂ ಅನಬ್ಯಾಡ್ರಿ."

"ನಾ ಹೇಳದಿದ್ರ ಆಕಿಗೆ ಹೆಂಗ ಗೊತ್ತಾಗಬೇಕ್ರಿ, ಚೆಂಡು ಬಂತಂತ?"

"ಆಕಿಗೆ ಕಣ್ಣು ಅವರೀ!"

"ಕಣ್ಣು ಇದ್ದವರದ್ದ ಬಸ್ಸು ತಪ್ಪತಾವ್ರಿ ಸರ್. ತಾವು ಮಿಲಿಟ್ರಿಯವರು, ತಮಗ ರಿಜರ್ವೇಶನ್ ಇರ್ತದ."

ಸರ್ ಚನ್ನಬಸವ್ವನ ಕಡೆ ನೋಡಿದರು. ಚನ್ನಬಸವ್ವ ಸೆರಗು ಸರಿಮಾಡಿಕೊಂಡು, "ನೀವು ಹೋಗ್ರಿ ಸರ್, ನಾ ನೋಡ್ಕೋತೀನಿ," ಎಂದರು.

ಮೈದಾನದಲ್ಲಿ ಶೈಲಾ ಒಮ್ಮೆ ಬೇಲಿಯ ಕಡೆ ನೋಡಿದಳು. ಇದೇ ಕೊನೆಯದು. ಇದೂ ಹೋದರೆ ಅಟ್ಟದ ಮೇಲೆ ಹಳೆಯ ಕೊಡೆ, ಒಡೆದ ತೊಟ್ಟಿಲುಗಳ ನಡುವೆ ಬ್ಯಾಟು ಮಲಗುತ್ತದೆ. ಸೈಕಲ್ ಅಂಗಡಿಯಿಂದ ತಂದು ಹಿಡಿಕೆಗೆ ಸುತ್ತಿದ್ದ ಟೇಪು ಬೆವರಿಗೆ ಜಾರುತ್ತಿತ್ತು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬ್ಯಾಟು ಎತ್ತಿ ಹಿಡಿದಳು.

ಸಪ್ನಾ ಕೈ ಎತ್ತಲು ಅಣಿಯಾದಳು. ನಿಜಲಿಂಗಪ್ಪ ಎದೆತುಂಬ ಉಸಿರೆಳೆದು ಬಾಯಿ ತೆರೆದರು.

ಆ ತೆರೆದ ಬಾಯೊಳಗೆ ಚನ್ನಬಸವ್ವ ಒಂದು ಇಡೀ ಅಂಟಿನುಂಡಿ ಇಟ್ಟರು.

ನಿಜಲಿಂಗಪ್ಪ ಅದನ್ನು ಕಚ್ಚಿದರು. ಕಚ್ಚಿದವರು ಹಲ್ಲು ಬಿಡಿಸಿಕೊಳ್ಳಲಾರದೆ ಕಣ್ಣರಳಿಸಿ ನಿಂತರು. ಎರಡೂ ಕೈಯಲ್ಲಿ ಚೀಲ. ಮೂಗಿನಿಂದ "ಹ್ಮ್... ಹ್ಮ್..." ಎಂಬಷ್ಟು ಸದ್ದು ಹೊರಟಿತು, ಅದು ಬೇಲಿಯ ಆಚೆ ದಾಟಲಿಲ್ಲ.

ಚೆಂಡು ಸಪ್ನಾಳ ಕೈ ಬಿಟ್ಟಿತು. ಶೈಲಾ ಕಾದಳು. ಚೆಂಡಿಗಾಗಿ ಅಲ್ಲ, "ಹಾಂ"ಗಾಗಿ ಕಾದಳು. ಅದು ಬರಲಿಲ್ಲ. ಚೆಂಡು ಮಾತ್ರ ಬರುತ್ತಲೇ ಇತ್ತು. ಬಿಳಿಯದೊಂದು ಚುಕ್ಕೆಯಾಗಿದ್ದದ್ದು ಲಿಂಬೆಹಣ್ಣಾಯಿತು, ಆಮೇಲೆ ಅದರ ಕೆಂಪು ಹೊಲಿಗೆ ತಿರುಗುವುದು ಕಂಡಿತು. ಮೂರು ವರ್ಷದಲ್ಲಿ ಆ ಹೊಲಿಗೆಯನ್ನು ಅವಳು ಗಾಳಿಯಲ್ಲಿ ಕಂಡದ್ದು ಇದೇ ಮೊದಲು. ಇನ್ನು ತಡವಾಗಿಹೋಯಿತು ಎಂದು ತಲೆ ಹೇಳುವಷ್ಟರಲ್ಲಿ, ಬ್ಯಾಟನ್ನು ಉದ್ದಕ್ಕೆ ಹಿಂದೆ ಒಯ್ಯಲು ವೇಳೆಯೇ ಇಲ್ಲದ ಕೈಗಳು ಇದ್ದಲ್ಲಿಂದಲೇ ಹೊರಟವು.

ತೆಂಗಿನಕಾಯಿ ಕಲ್ಲಿಗೆ ಹೊಡೆದ ಹಾಗೆ ಸದ್ದಾಯಿತು.

ಚೆಂಡು ಸಪ್ನಾಳ ತಲೆಯ ಮೇಲಿಂದ ಹೋಯಿತು, ಹಿಂದೆ ನಿಂತವರ ತಲೆಯ ಮೇಲಿಂದಲೂ ಹೋಯಿತು, ಆಚೆ ಕಡೆಯ ಗೋಡೆಗೆ ಒಣಗಹಾಕಿದ್ದ ವಾಚ್‌ಮನ್ನನ ಲುಂಗಿಗೆ ಬಡಿದು ಕೆಳಗೆ ಬಿತ್ತು. ಶೈಲಾ ನಿಂತಲ್ಲೇ ನಿಂತು ಅದನ್ನು ನೋಡುತ್ತಿದ್ದಳು. ಹೊಡೆದ ಮೇಲೆ ಏನು ಮಾಡಬೇಕೆಂಬುದು ಅವಳಿಗೆ ರೂಢಿಯೇ ಇರಲಿಲ್ಲ.

"ಓಡ್! ಓಡ್ ಹುಡುಗಿ!" ಎಂದು ಸದಾನಂದ ಸರ್ ಟೋಪಿ ಎಸೆದರು. ಬೇಲಿಯ ಬಳಿ ನಿಜಲಿಂಗಪ್ಪ ಚೀಲ ಕೆಳಗೆ ಹಾಕಿ, ಹೆಗಲ ಟವೆಲ್ಲು ತೆಗೆದು ಗಿರಗಿರ ತಿರುಗಿಸುತ್ತಿದ್ದರು. ಆಗ ಓಡಿದಳು ಶೈಲಾ, ಬ್ಯಾಟು ಕೈಯಲ್ಲಿ ಹಿಡಿದುಕೊಂಡೇ. ಬಿಸಾಕು, ಬಿಸಾಕು ಎಂದು ಎಲ್ಲರೂ ಕೂಗುವ ತನಕ.

ಆಟ ಮುಗಿದಮೇಲೆ ಹುಡುಗಿಯರೆಲ್ಲ ಮರದ ನೆರಳಿಗೆ ಕೂತರು. ಸದಾನಂದ ಸರ್ ಬಂದು, "ನೋಡ್ದಿ? ನಾ ಹೇಳಿದ್ದು ಇದ. ಕಡೀಕೂ ನನ್ನ ಪಾಠ ತಲಿಗಿ ಹೋತು," ಎಂದು ಬೆನ್ನು ತಟ್ಟಿ ಹೋದರು. ಶೈಲಾ ಬೇಲಿಯ ಬಳಿ ಬಂದು ತಂದೆಯ ಮುಂದೆ ನಿಂತಳು.

"ಯಾಕ ಪಪ್ಪಾ, ಹಾಂ ಅನಲೇ ಇಲ್ಲ? ನಾ ಕಾಯ್ಲಿಕತ್ತಿದ್ದೆ."

ನಿಜಲಿಂಗಪ್ಪ ಏನೋ ಹೇಳಲು ಹೋದರು. ದವಡೆ ಬಿಡಲಿಲ್ಲ. ಚನ್ನಬಸವ್ವ ಡಬ್ಬಿಯ ಮುಚ್ಚಳ ಒತ್ತಿ ಚೀಲದಲ್ಲಿಟ್ಟರು.

ಕರಿ ಕನ್ನಡಕದ ಮೇಡಮ್ ಎದ್ದುನಿಂತು ಹೆಸರು ಹೇಳತೊಡಗಿದರು. ಮೊದಲ ಹೆಸರು ಶೈಲಾಳದಲ್ಲ. ಎರಡನೆಯದು ಸಪ್ನಾ. ಆಮೇಲಿನ ನಾಲ್ಕೈದು ಹೆಸರೂ ಬೇರೆಯವರದೇ. ನಿಜಲಿಂಗಪ್ಪ ಬಗ್ಗಿ ಚೀಲ ಎತ್ತಿಕೊಂಡರು. ಅಂಟಿನ ನಡುವಿನಿಂದ ಮಾತು ದಾರಿ ಮಾಡಿಕೊಂಡು ಬಂತು. "ಆತು ಬಿಡು. ನಡೀರಿ. ಹನ್ನೆರಡೂವರೀದಾರ ಸಿಗ್ತದ."

"ಕೂಡ್ರಿ," ಎಂದರು ಚನ್ನಬಸವ್ವ.

"ಇಷ್ಟ ಹೆಸರಿನ್ಯಾಗ ಬರಲಿಲ್ಲಂದಮ್ಯಾಲ ಇನ್ನೇನ್..."

"ನೀವೂ ಅಕ್ಕಿಕಾಳು ಹಂಚಿದಮ್ಯಾಲ ಬಂದಿದ್ರಿ. ನಾ ಎದ್ದು ಹೋದೆನ? ಕೂಡ್ರಿ."

ನಿಜಲಿಂಗಪ್ಪ ಹೆಂಡತಿಯ ಮುಖ ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮಾತನ್ನು ಆಕೆ ಹಾಗೆ ಆಡಿರಲಿಲ್ಲ. ಚೀಲ ಕೆಳಗಿಟ್ಟು, ಕಲ್ಲಿನ ಮೇಲೆ ಕೂತರು. ಹೆಸರುಗಳು ಹೋಗುತ್ತಲೇ ಇದ್ದವು. ಮುಗಿಯಿತು ಎಂಬಂತೆ ಮೇಡಮ್ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಎಲ್ಲರ ಕೊನೆಗೆ ಶೈಲಾಳ ಹೆಸರು ಹೇಳಿದರು.

ಸ್ವಾರಗೇಟಿನಲ್ಲಿ ಹನ್ನೆರಡರ ಬಸ್ಸೂ ಇರಲಿಲ್ಲ, ಹನ್ನೆರಡೂವರೆಯದೂ ಇರಲಿಲ್ಲ. ಒಂದರ ಬಸ್ಸು ಧೂಳೆಬ್ಬಿಸುತ್ತ ತಿರುವು ತೆಗೆದುಕೊಂಡು ಬಂದಾಗ ಜನ ಎಂದಿನಂತೆ ಅದರ ಜೊತೆ ಓಡಿದರು. ಟವೆಲ್ಲು, ಕೊಡೆ, ಒಂದು ಮಗು ಕೂಡ ಕಿಟಕಿಯೊಳಗೆ ಹೋದವು. ನಿಜಲಿಂಗಪ್ಪನ ಕೈ ಹೆಗಲಿಗೆ ಹೋಯಿತು. ಟವೆಲ್ಲಿನ ತುದಿ ಹಿಡಿದುಕೊಂಡು ಹಾಗೇ ನಿಂತರು. ಒಂದು ಕಿಟಕಿ ಹೋಯಿತು, ಇನ್ನೊಂದು ಹೋಯಿತು. ಬಸ್ಸು ಪೂರ್ತಿ ನಿಂತಮೇಲೆ ಎದುರಿಗೆ ಬಂದ ಕಿಟಕಿಯೊಳಗೆ ಕೈಚಾಚಿ, ಸೀಟಿನ ಮೇಲೆ ಟವೆಲ್ಲನ್ನು ಹಾಸಲು ನೋಡಿದರು. ಅಲ್ಲಿ ಆಗಲೇ ಯಾರದೋ ಟವೆಲ್ಲಿತ್ತು. ಅದರ ಮೇಲೆ ಇನ್ನೊಬ್ಬರದಿತ್ತು.

ಜೇಜುರಿಯ ತನಕ ಮೂವರೂ ನಿಂತೇ ಹೋದರು. ಬ್ಯಾಟು ಶೈಲಾಳ ಎರಡು ಕಾಲ ನಡುವೆ ನೆಟ್ಟಗೆ ನಿಂತಿತ್ತು. ತಿರುವು ಬಂದಾಗಲೆಲ್ಲ ಚನ್ನಬಸವ್ವ ಗಂಡನ ತೋಳು ಹಿಡಿಯುತ್ತಿದ್ದರು. ನಿಜಲಿಂಗಪ್ಪ ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದು, ಕಿಟಕಿಯಾಚೆ ಹೋಗುವ ಕಬ್ಬಿನ ಹೊಲಗಳನ್ನು ನೋಡುತ್ತ, ಹಲ್ಲಿನ ಸಂದಿಯಲ್ಲಿ ಉಳಿದಿದ್ದ ಬೆಲ್ಲವನ್ನು ನಾಲಿಗೆಯ ತುದಿಯಿಂದ ಮೆಲ್ಲಗೆ ಕರಗಿಸುತ್ತಿದ್ದರು.